ಗೆಳೆಯನಿಗೊಂದು ಪತ್ರ: ವಿಜಯದಶಮಿಯ ದಿನ ಇಟ್ಟ ಪರೀಕ್ಷೆ

ಪ್ರಿಯ ಗೆಳೆಯ,

ಈ ಸಲದ ವಿಜಯದಶಮಿ ಹೇಗೆ ಕಳೆಯಿತೆಂದು ನೀನು ಕೇಳಿದ್ದೆ. 2025ರ ಅಕ್ಟೋಬರ್ 2, ಗುರುವಾರ, ನಾನು ಮಧ್ಯಾವಧಿ ಪರೀಕ್ಷೆ ಇಟ್ಟಿದ್ದೆ. ಇಲ್ಲಿ ನ್ಯೂಯಾರ್ಕಿನಲ್ಲಿ ದಸರೆಗೆ ರಜೆಯಿಲ್ಲವೆಂಬುದು ನನಗೆ ಎಷ್ಟು ರೂಢಿಯಾಗಿದೆಯೆಂದರೆ, ಆ ದಿನ ಮತ್ತಾರಿಗಾದರೂ ಹಬ್ಬವಿದ್ದೀತೇ ಎಂದು ನೋಡುವ ಗೋಜಿಗೂ ಹೋಗಿರಲಿಲ್ಲ.

ಅದು ಯಹೂದಿಗಳ ಯೋಮ್ ಕಿಪ್ಪುರ್, ಪ್ರಾಯಶ್ಚಿತ್ತದ ದಿನ. ಹಿಂದಿನ ಸಂಜೆಯಿಂದ ಮರುದಿನ ಕತ್ತಲಾಗುವವರೆಗೆ ಸುಮಾರು 25 ಗಂಟೆ ನೀರನ್ನೂ ಮುಟ್ಟದ ಉಪವಾಸ. ಒಂದು ವಾರ ಮೊದಲು ನನ್ನ ಕೊಠಡಿಗೆ ಬಂದ ವಿದ್ಯಾರ್ಥಿನಿಯೊಬ್ಬಳು, ಮೊದಲು ಕ್ಷಮೆ ಕೇಳಿ, ಆಮೇಲೆ ನನ್ನದೇ ಪಾಠಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ಪೆನ್ಸಿಲಿನಲ್ಲಿ ನಾಲ್ಕು ಸುತ್ತು ಹಾಕಿದ್ದಳು: ಸೆಪ್ಟೆಂಬರ್ 23 ರೋಶ್ ಹಶಾನಾ, ಅಂದರೆ ಅವರ ಹೊಸವರ್ಷ; ಅಕ್ಟೋಬರ್ 2; 7ಕ್ಕೆ ಸುಕ್ಕೋತ್, ಅಂದರೆ ಗುಡಿಸಲುಗಳ ಹಬ್ಬ; 14ಕ್ಕೆ ಅದರ ಬೆನ್ನಿಗೇ ಬರುವ ಇನ್ನೊಂದು ಹಬ್ಬ. ನನ್ನ ತರಗತಿ ಮಂಗಳವಾರ ಮತ್ತು ಗುರುವಾರ. ಏಳು ತರಗತಿಗಳಲ್ಲಿ ನಾಲ್ಕು ಅವಳಿಗೆ ತಪ್ಪುತ್ತಿದ್ದವು. ಸೋಮವಾರ ಶುಕ್ರವಾರದ ಪಾಠ ಆರಿಸಿಕೊಂಡಿದ್ದರೆ ಒಂದೂ ತಪ್ಪುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಎಂಟಕ್ಕೆ ಬಂದು ಬರೆಯಮ್ಮ ಎಂದೆ. ದೊಡ್ಡ ಮನಸ್ಸು ಮಾಡಿದೆನೆಂಬ ಭಾವನೆ ನನಗೆ. ಅವಳು ಒಪ್ಪಿ ಹೋದ ಮೇಲೆ ಹೊಳೆಯಿತು: ಯೋಮ್ ಕಿಪ್ಪುರ್ ದಿನ ಬರೆಯುವಂತಿಲ್ಲ, ಕಂಪ್ಯೂಟರ್ ತೆರೆಯುವಂತಿಲ್ಲ, ಗುರುವಾರ ರಾತ್ರಿ ಉಪವಾಸ ಮುರಿದವಳು ಓದುವುದು ಯಾವಾಗ? ಸೋಮವಾರ ಬೆಳಿಗ್ಗೆಗೆ ಬದಲಿಸಿದೆ. ಅಂದೇ ಸಂಜೆ ಸುಕ್ಕೋತ್ ಆರಂಭ, ಹಾಗಾಗಿ ಉಳಿದದ್ದು ಅದೊಂದೇ ಬಿಡುವು.

ಇದು ನನ್ನ ಔದಾರ್ಯವೂ ಅಲ್ಲ. ಧಾರ್ಮಿಕ ಕಾರಣಕ್ಕೆ ಗೈರಾದವರಿಗೆ ಶುಲ್ಕವಿಲ್ಲದೆ ಮತ್ತೆ ಪರೀಕ್ಷೆ ಕೊಡಬೇಕೆಂದು ನ್ಯೂಯಾರ್ಕ್ ರಾಜ್ಯದ ಶಿಕ್ಷಣ ಕಾನೂನಿನ 224-ಎ ವಿಧಿಯೇ ಹೇಳುತ್ತದೆ. ಆದರೆ ಬಾಗಿಲು ತಟ್ಟಿ ಕೇಳುವ ಕೆಲಸ ವಿದ್ಯಾರ್ಥಿಯದೇ, ಅದೂ ಅಂಕ ಹಾಕುವವನ ಬಾಗಿಲು. ಮ್ಯಾಸಚೂಸೆಟ್ಸಿನ ಬ್ರಾಂಡೈಸ್ ವಿಶ್ವವಿದ್ಯಾಲಯ, 1948ರಲ್ಲಿ ಯಹೂದಿ ಸಮುದಾಯದವರೇ ಕಟ್ಟಿದ್ದು, ಈ ಹಬ್ಬಗಳಿಗೆ ತರಗತಿಯನ್ನೇ ನಡೆಸುವುದಿಲ್ಲ. ಇಸ್ರೇಲಿನ ವಿಶ್ವವಿದ್ಯಾಲಯಗಳಲ್ಲಂತೂ ಸುಕ್ಕೋತ್ ಮುಗಿದ ಮೇಲೆಯೇ ಶೈಕ್ಷಣಿಕ ವರ್ಷ ಆರಂಭ. ಎಲ್ಲರೂ ಹಾಗೆ ಮುಚ್ಚಬೇಕೆಂದು ನಾನು ಹೇಳುವುದಿಲ್ಲ. ಪಾಠ ನಡೆಯಲಿ, ಪರೀಕ್ಷೆ ಬೇಡ, ಅಷ್ಟೇ.

ಸಹೋದ್ಯೋಗಿಯೊಬ್ಬರು, ವರ್ಷಕ್ಕೊಂದು ತಾರೀಕಿಗೆ ಬರುವ ಹಬ್ಬವನ್ನು ನೆನಪಿಡುವುದು ಹೇಗೆಂದು ಕೇಳಿದರು. ಅಧಿಕಮಾಸ ಗೊತ್ತಿರುವ ನಾವು ಈ ನೆಪವನ್ನು ಒಪ್ಪಲಾದೀತೇ? ಅವರದೂ ಚಾಂದ್ರಮಾನವೇ, 19 ವರ್ಷಕ್ಕೆ ಏಳು ಬಾರಿ ಒಂದು ತಿಂಗಳು ಸೇರಿಸಿ ಋತುವಿಗೆ ಹೊಂದಿಸುತ್ತಾರೆ. ಲೆಕ್ಕ ಸ್ಥಿರವಾದ್ದರಿಂದ ನೂರು ವರ್ಷ ಮುಂದಿನ ತಾರೀಕನ್ನೂ ಈಗಲೇ ಹೇಳಬಹುದು. ಯೋಮ್ ಕಿಪ್ಪುರ್ ಅವರ ತಿಶ್ರಿ ಮಾಸದ ಹತ್ತನೆಯ ದಿನ, ನಮ್ಮದು ಆಶ್ವಯುಜ ಶುದ್ಧ ದಶಮಿ. 2024ರಲ್ಲಿಯೂ ಎರಡೂ ಅಕ್ಟೋಬರ್ 12ಕ್ಕೇ ಬಂದಿದ್ದವು. 2023ರಲ್ಲಿ ಮಾತ್ರ ನಮ್ಮ ಅಧಿಕ ಶ್ರಾವಣ ವಿಜಯದಶಮಿಯನ್ನು ಅಕ್ಟೋಬರ್ 24ಕ್ಕೆ ತಳ್ಳಿತ್ತು. ಅವರದು ಸೆಪ್ಟೆಂಬರ್ 25ಕ್ಕೇ ಮುಗಿದಿತ್ತು.

ಮುಂದಿನ ಸೆಮಿಸ್ಟರಿನ ಪರೀಕ್ಷೆಯನ್ನು ಏಪ್ರಿಲ್ 2ಕ್ಕೆ ಹಾಕುವವನಿದ್ದೆ. ಈ ಬಾರಿ ನೋಡಿದೆ: ಅಂದು ಯಹೂದಿಗಳ ಪೆಸಾಹ್ ಹಬ್ಬದ ಮೊದಲ ದಿನ. ಬುದ್ಧಿವಂತನಂತೆ ಮಾರ್ಚ್ 19ಕ್ಕೆ ಹಿಂದೂಡಿದೆ. ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದಾಗ ಅವರು ನಡುವೆ ತಡೆದು, ‘ಅವತ್ತು ಯುಗಾದಿಯಲ್ವೇನೋ’ ಎಂದರು. ಮುಸ್ಲಿಂ ವಿದ್ಯಾರ್ಥಿಗಳಿಗೆ ಅದು ರಂಜಾನ್ ಉಪವಾಸದ ಕೊನೆಯ ಹೊತ್ತೂ ಹೌದು. ಈಗ 24ರ ಮಂಗಳವಾರವೆಂದು ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ. ನಿಮ್ಮ ಮನೆಯ ಪಂಚಾಂಗವನ್ನೂ ಒಮ್ಮೆ ನೋಡಿ ತಿಳಿಸು.

ಇಂತಿ ನಿನ್ನ ಗೆಳೆಯ