ಗಾಂಜಾ ಪ್ರಕರಣಕ್ಕೆ ಗಲ್ಲು ಕೇಳುವ ಮುನ್ನ

ಮಾನ್ಯ ಸಂಪಾದಕರೇ,

ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ ನಮ್ಮ ಚಿಂತಾಮಣಿಯಲ್ಲಿ ನಡೆದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು, ಸಿಂಗಪುರ ಮತ್ತು ಸೌದಿ ಅರೇಬಿಯಾದಲ್ಲಿರುವಂತೆ ಇಲ್ಲಿಯೂ ಗಾಂಜಾ, ಹೆರಾಯಿನ್ ಸಾಗಿಸುವವರನ್ನು ತಡಮಾಡದೆ ಗಲ್ಲಿಗೇರಿಸಿದರೆ ಮಾತ್ರ ಮಕ್ಕಳು ಉಳಿದಾರು ಎಂದರು. ಜೋರಾಗಿ ಚಪ್ಪಾಳೆ ಬಿತ್ತು. ತಟ್ಟಿದವರಲ್ಲಿ ಮಗನನ್ನು ಈ ಚಟಕ್ಕೆ ಕಳೆದುಕೊಂಡ ತಂದೆಯೊಬ್ಬರೂ ಇದ್ದರು. ಅವರ ಸಂಕಟದ ಎದುರು ವಾದ ಹೂಡಲು ನನಗೆ ಬಾಯಿ ಬರಲಿಲ್ಲ. ಆದರೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನ್ಯಾಯಾಲಯದ ನೌಕರಿ ಮಾಡಿದವನಾಗಿ, ಆ 'ತಡಮಾಡದೆ' ಎಂಬ ಮಾತಿನ ಬಗ್ಗೆ ಬರೆಯದೆ ಇರಲಾರೆ.

ಬಾಗೇಪಲ್ಲಿ ಕಡೆಯ ಹಳ್ಳಿಗಳಲ್ಲಿ ಬಹಳಷ್ಟು ಜನರ ಮನೆಮಾತು ತೆಲುಗು. ನಾನು ಬೆಂಚ್ ಕ್ಲರ್ಕ್ ಆಗಿದ್ದಾಗ, ಅಂದಿನ ಅವಿಭಜಿತ ಕೋಲಾರ ಜಿಲ್ಲೆಯ ಒಂದು ನ್ಯಾಯಾಲಯಕ್ಕೆ ಕಳ್ಳಭಟ್ಟಿ ಕೇಸಿನಲ್ಲಿ ಒಬ್ಬ ಕೂಲಿಯಾಳನ್ನು ಕರೆತಂದಿದ್ದರು. ಆರೋಪವನ್ನು ಕನ್ನಡದಲ್ಲಿ ಓದಿ ತಪ್ಪು ಒಪ್ಪಿಕೊಳ್ಳುತ್ತೀಯಾ ಎಂದು ಕೇಳಿದಾಗ ಆತ ಹೆಗಲ ಟವೆಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಕೈಮುಗಿದು, 'ಅವುನು ಸಾಮಿ' ಎಂದ. ಒಪ್ಪಿಕೊಂಡಿದ್ದಾನೆ ಎಂದು ಬರೆಯಲು ನಾನು ಪೆನ್ನು ಊರಿಯೂ ಆಗಿತ್ತು. ನ್ಯಾಯಾಧೀಶರಿಗೆ ಏನನ್ನಿಸಿತೋ, ಅದನ್ನೇ ತೆಲುಗಿನಲ್ಲಿ ಕೇಳಿ ನೋಡಿ ಎಂದರು. ಕೇಳಿದರೆ, ಕ್ಯಾನು ಹೊತ್ತು ತಾ ಎಂದು ಯಾರೋ ಹೇಳಿದ್ದಕ್ಕೆ ಹೊತ್ತು ತಂದೆ, ಒಳಗೇನಿತ್ತೋ ನನಗೆ ತಿಳಿಯದು ಎಂದ. ದೊಡ್ಡವರು ಏನು ಕೇಳಿದರೂ ಹೌದೆನ್ನುವುದು ಅವನ ಪಾಲಿಗೆ ಮರ್ಯಾದೆ, ಅಷ್ಟೆ. ಅಂದು ಎಡವಟ್ಟಾಗಿದ್ದರೂ ದಂಡಕ್ಕೋ ಕೆಲವು ದಿನಗಳ ಸಜೆಗೋ ಮುಗಿಯುತ್ತಿತ್ತು.

ಸಿಂಗಪುರದಲ್ಲಿ ಹಾಗೆ ಮುಗಿಯುವುದಿಲ್ಲ. ಅಲ್ಲಿ 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್ ಅಥವಾ 500 ಗ್ರಾಂಗಿಂತ ಹೆಚ್ಚು ಗಾಂಜಾ ಸಾಗಣೆ ರುಜುವಾತಾದರೆ ಗಲ್ಲು ಕಡ್ಡಾಯ. ಕೇವಲ 2 ಗ್ರಾಂಗಿಂತ ಹೆಚ್ಚು ಹೆರಾಯಿನ್ ಇಟ್ಟುಕೊಂಡವನು ಅದನ್ನು ಮಾರಲೆಂದೇ ಇಟ್ಟುಕೊಂಡಿದ್ದಾನೆ ಎಂದು ಕಾನೂನೇ ಭಾವಿಸಿಬಿಡುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಬರೀ ಸಾಗಿಸಿದವನು ಜೀವ ಉಳಿಸಿಕೊಳ್ಳಬೇಕಾದರೆ ಜಾಲದ ಬಗ್ಗೆ ಮಾಹಿತಿ ಕೊಟ್ಟು ಸರ್ಕಾರದ ಕಡೆಯಿಂದ ಪ್ರಮಾಣಪತ್ರ ಪಡೆಯಬೇಕು ಎಂಬ ನಿಯಮ 2013ರಿಂದ ಜಾರಿಯಲ್ಲಿದೆ. ಏನೂ ತಿಳಿಯದೆ ಹೊತ್ತು ತಂದವನು ಯಾವ ಮಾಹಿತಿ ಕೊಟ್ಟಾನು? 2023ರ ಏಪ್ರಿಲ್‌ನಲ್ಲಿ ಅಲ್ಲಿ ಗಲ್ಲಿಗೇರಿದ ತಮಿಳು ಮೂಲದ ವ್ಯಕ್ತಿಯ ಕೈಗೆ, ಆತ ಸಾಗಿಸಲು ಸಂಚು ಮಾಡಿದ ಎನ್ನಲಾದ ಒಂದು ಕಿಲೋ ಚಿಲ್ಲರೆ ಗಾಂಜಾ ಎಂದೂ ಬಂದಿರಲಿಲ್ಲ. ಆತನನ್ನು ಅದಕ್ಕೆ ಜೋಡಿಸಿದ್ದು ಮುಖ್ಯವಾಗಿ ಎರಡು ಫೋನ್ ನಂಬರುಗಳು. ಪೊಲೀಸರು ವಕೀಲರಿಲ್ಲದೆ ಹೇಳಿಕೆ ಪಡೆದರು, ತಮಿಳು ದುಭಾಷಿಯನ್ನೂ ಕೊಡಲಿಲ್ಲ ಎಂದು ಆತ ಹೇಳಿದ. ದುಭಾಷಿಯ ಮಾತನ್ನು ಅಲ್ಲಿನ ಸರ್ಕಾರ ಒಪ್ಪಲಿಲ್ಲ. ಯಾರು ಸರಿ ಎಂದು ಚಿಂತಾಮಣಿಯಲ್ಲಿ ಕೂತು ನಾನು ಹೇಳಲಾರೆ, ಆದರೆ ನನ್ನ ಪೆನ್ನು ಊರಿದ್ದ ಆ ಗಳಿಗೆ ಮತ್ತೆ ಮತ್ತೆ ನೆನಪಾಗುತ್ತದೆ.

ಇರಾನಿನಲ್ಲಿ ಇಂಥ ಪ್ರಕರಣಗಳು ಕ್ರಾಂತಿಕಾರಿ ನ್ಯಾಯಾಲಯಗಳ ಮುಂದೆ ಬರುತ್ತವೆ. ಬಡಿದು ಬರೆಸಿಕೊಂಡ ತಪ್ಪೊಪ್ಪಿಗೆ, ತನಿಖೆಯ ವೇಳೆ ವಕೀಲರಿಗೆ ಪ್ರವೇಶವಿಲ್ಲದಿರುವುದು, ನಿಮಿಷಗಳಲ್ಲಿ ಮುಗಿಯುವ ವಿಚಾರಣೆ ಇವನ್ನು ಮಾನವ ಹಕ್ಕು ಸಂಘಟನೆಗಳು ವರ್ಷಗಳಿಂದ ದಾಖಲಿಸುತ್ತಲೇ ಬಂದಿವೆ. ಅಲ್ಲಿನ ಮಾದಕ ವಸ್ತು ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಇಳಿದಿದ್ದ ಗಲ್ಲುಗಳ ಸಂಖ್ಯೆ ಮತ್ತೆ ಏರಿ, 2024ರಲ್ಲಿ ಮಾದಕ ವಸ್ತು ಆರೋಪಕ್ಕೇ ಅಲ್ಲಿ 500ಕ್ಕೂ ಹೆಚ್ಚು ಮಂದಿಯನ್ನು ಗಲ್ಲಿಗೇರಿಸಲಾಯಿತು ಎಂದು ನಾರ್ವೆಯಲ್ಲಿರುವ ಇರಾನ್ ಹ್ಯೂಮನ್ ರೈಟ್ಸ್ ಸಂಸ್ಥೆ ಲೆಕ್ಕ ಹಾಕಿದೆ. ಬಡ ಬಲೂಚಿ ಜನರ ಪಾಲು ಇದರಲ್ಲಿ ಅವರ ಜನಸಂಖ್ಯೆಗೆ ಮೀರಿದ್ದು. ಇಂಥ ಆರೋಪಕ್ಕೆ ಮರಣದಂಡನೆಯನ್ನು ಸುಮಾರು ಮೂರು ವರ್ಷ ಕೈಬಿಟ್ಟಿದ್ದ ಸೌದಿ ಅರೇಬಿಯಾ 2022ರ ನವೆಂಬರ್‌ನಲ್ಲಿ ಮತ್ತೆ ಶುರುಮಾಡಿತು, ತಲೆ ಕೊಟ್ಟವರಲ್ಲಿ ದುಡಿಯಲು ಬಂದ ಪರದೇಶದವರು ಬಹಳ.

ನಮ್ಮ ಕಾಯ್ದೆಯೂ ಇದರಿಂದ ಪೂರ್ತಿ ಹೊರತಲ್ಲ. ಮಾದಕ ವಸ್ತು ತಡೆಗೆಂದು ಬಂದ 1985ರ ಎನ್‌ಡಿಪಿಎಸ್ ಕಾಯ್ದೆಗೆ 1989ರಲ್ಲಿ ಸೇರಿದ 31ಎ ಕಲಂ, ಎರಡನೇ ಬಾರಿ ತಪ್ಪು ಮಾಡಿದವರಿಗೆ ಕೆಲವು ಪ್ರಕರಣಗಳಲ್ಲಿ ಗಲ್ಲನ್ನು ಕಡ್ಡಾಯ ಮಾಡಿತ್ತು. ಬಾಂಬೆ ಹೈಕೋರ್ಟ್ 2011ರಲ್ಲಿ ಆ ಕಡ್ಡಾಯವನ್ನು ಒಪ್ಪಲಿಲ್ಲ. 2014ರಲ್ಲಿ ಸಂಸತ್ತು ಅದನ್ನು ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಅಧಿಕಾರಿಗಳ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯ ಮಾಡಬಾರದು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2020ರಲ್ಲಿ, ಅಂದರೆ ಕಾಯ್ದೆ ಬಂದು 35 ವರ್ಷವಾದ ಮೇಲೆ. ಅಷ್ಟರಲ್ಲಿ ಅಂಥ ಹೇಳಿಕೆಯ ಮೇಲೆ ಜೈಲು ಕಂಡವರೆಷ್ಟೋ. ಬೇರೆ ಬೇರೆ ಊರಿನ ಮಹಜರುಗಳಲ್ಲಿ ಸ್ಥಳದಲ್ಲಿ ಸಾಕ್ಷಿಯಾಗಿದ್ದರೆನ್ನುವ ಅದೇ ಇಬ್ಬರು ಪಂಚರ ಸಹಿ ಇರುವುದನ್ನು ನಾನೇ ಕಡತಗಳಲ್ಲಿ ನೋಡಿದ್ದೇನೆ. ಮರಣದಂಡನೆ 'ಅತ್ಯಂತ ಗಂಭೀರ ಅಪರಾಧ'ಗಳಿಗೆ ಮಾತ್ರ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಭಾರತ 1979ರಲ್ಲಿ ಒಪ್ಪಿದೆ, ಮಾದಕ ವಸ್ತು ಪ್ರಕರಣಗಳು ಆ ಸಾಲಿಗೆ ಬರುವುದಿಲ್ಲ ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಸ್ಪಷ್ಟವಾಗಿಯೇ ಹೇಳಿದೆ. 31ಎ ಕಲಮಿನಿಂದ ಗಲ್ಲನ್ನು ತೆಗೆದುಹಾಕಬೇಕೆಂದು ನಮ್ಮ ಸಂಸದರು ಒತ್ತಾಯಿಸಬೇಕು.

ಸಭೆ ಮುಗಿದ ಮೇಲೆ ಆ ತಂದೆಯವರ ಜೊತೆ ಬಸ್ ನಿಲ್ದಾಣದವರೆಗೆ ನಡೆದೆ. ಮಗನಿಗೆ ತಂದುಕೊಡುತ್ತಿದ್ದವನು ಅವನ ಜೊತೆ ಓದಿದ ಹುಡುಗನೇ, ಅವನ ಹಿಂದೆ ಯಾರಿದ್ದರೆಂದು ಇವತ್ತಿಗೂ ಗೊತ್ತಾಗಿಲ್ಲ ಎಂದರು.

ಚಿಂತಾಮಣಿ, ಕೋಲಾರ, ಕೆಜಿಎಫ್ ಕಡೆಯಿಂದ ಗಲ್ಫ್‌ಗೆ ಹೊರಡುವ ಡ್ರೈವರುಗಳು, ಗಾರೆ ಕೆಲಸದವರು, ಮನೆಗೆಲಸದ ಹೆಣ್ಣುಮಕ್ಕಳು ಊರವರು ಕೊಟ್ಟ ಉಪ್ಪಿನಕಾಯಿ ಡಬ್ಬಿ, ಮಾತ್ರೆ ಪೊಟ್ಟಣಗಳನ್ನು ಬೇಡವೆನ್ನಲಾಗದೆ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ. ಪರರ ಪೊಟ್ಟಣ ಒಯ್ಯಬೇಡಿ, ಬಂಧನವಾದರೆ ಭಾರತೀಯ ರಾಯಭಾರ ಕಚೇರಿಗೆ ತಿಳಿಸಿ ಎಂದು ಕೇಳಿ, ಓದಲು ಬಾರದ ಕಾಗದಕ್ಕೆ ಸಹಿ ಹಾಕುವ ಮೊದಲು ದುಭಾಷಿ ಬೇಕೆನ್ನಿ ಎಂಬ ಮೂರು ಮಾತನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವು ಮುಂದಿನ ಜೂನ್ 26ರ ಸಭೆಯಲ್ಲಿ ಕನ್ನಡದಲ್ಲೂ ತೆಲುಗಿನಲ್ಲೂ ಉರ್ದುವಿನಲ್ಲೂ ಹೇಳಿಸಬೇಕೆಂದು ವಿನಂತಿಸುತ್ತೇನೆ.

ಇತಿ,
ನಿವೃತ್ತ ಶಿರಸ್ತೇದಾರ,
ಚಿಂತಾಮಣಿ, ಚಿಕ್ಕಬಳ್ಳಾಪುರ ಜಿಲ್ಲೆ