ಎಚ್‌ಆರ್‌ಗೆ ತೋರಿಸಲು ಒಂದು ಪುಟ ಕೊಡಿ: ಕೆನಡಾದ ವಲಸೆ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ವರ್ಕ್ ಪರ್ಮಿಟ್ ಮುಗಿಯುವ ಮೊದಲೇ ಹೊಸದಕ್ಕೆ ಅರ್ಜಿ ಹಾಕಿ ಕೆನಡಾದಲ್ಲೇ ಉಳಿದವರು, ತೀರ್ಮಾನ ಬರುವವರೆಗೆ ಹಳೆಯ ಷರತ್ತಿನ ಮೇಲೆಯೇ ಕೆಲಸ ಮಾಡಬಹುದು. ವಲಸೆ ನಿಯಮಾವಳಿಯ 186(ಯು) ಹೇಳುವುದು ಇದನ್ನೇ. ತಮಗೆ ಗೊತ್ತಿರುವುದೇ. ಗೊತ್ತಿಲ್ಲದಿರುವುದು ಸಂಬಳ ಕೊಡುವವರಿಗೆ. ಹಾಗಾಗಿ ಪಿಆರ್‌ಗೆ (ಶಾಶ್ವತ ನಿವಾಸಕ್ಕೆ) ಕಾಯುತ್ತಿರುವವರೆಲ್ಲ ಎಚ್‌ಆರ್ ಮುಂದೆ ಕೂತು ತಮ್ಮ ಇಲಾಖೆಯ ಪರವಾಗಿ ಪಾಠ ಮಾಡುತ್ತಿದ್ದಾರೆ, ಬಿಟ್ಟಿಯಾಗಿ.

ಮೇಜಿನ ಮೇಲೆ ನಾಲ್ಕು ಕಾಗದ: ಅವಧಿ ಮುಗಿದ ಪರ್ಮಿಟ್, ಪಿಆರ್ ತೀರ್ಮಾನದವರೆಗೆ ಕೆಲಸ ಮಾಡಲು ಕೊಡುವ ಬ್ರಿಡ್ಜಿಂಗ್ ಪರ್ಮಿಟ್‌ಗೆ ಕಟ್ಟಿದ 255 ಡಾಲರಿನ ರಸೀದಿ, ಅರ್ಜಿ ತಲುಪಿದ ಪತ್ರ, ಪಿಆರ್ ಅರ್ಜಿಯ ಸ್ವೀಕೃತಿ. ಎಚ್‌ಆರ್ ಕಣ್ಣು ಬೀಳುವುದು ಮೊದಲನೆಯದರ ತಾರೀಖಿನ ಮೇಲೆ. ಇನ್ನು ಕೆಲವರು ನಾಲ್ಕನೆಯದನ್ನು ನೋಡಿ ‘ಸರಿ, ಇದು ಸಾಕು’ ಅಂತ ಫೈಲಿಗೆ ಹಾಕುತ್ತಾರೆ. ಅದು ಇನ್ನೂ ಅಪಾಯ, ಏಕೆಂದರೆ ಪಿಆರ್ ಸ್ವೀಕೃತಿ ಪತ್ರವೊಂದರಿಂದಲೇ ಕೆಲಸ ಮಾಡುವ ಹಕ್ಕು ಬರುವುದಿಲ್ಲ. ಹಕ್ಕು ಇರುವುದು ಸಮಯಕ್ಕೆ ಸರಿಯಾಗಿ ಹಾಕಿದ ಪರ್ಮಿಟ್ ಅರ್ಜಿಯಲ್ಲಿ. ಒಂದು ದಿನ ತಡವಾದರೂ ಸ್ಟೇಟಸ್ (ಕಾನೂನುಬದ್ಧವಾಗಿ ಉಳಿಯುವ ಸ್ಥಾನ) ಮರಳಿ ಕೇಳಿ ಅರ್ಜಿ ಹಾಕಲು 90 ದಿನ ಇರುತ್ತದೆ, ಆದರೆ ಅದು ಸಿಗುವವರೆಗೆ ಕೆಲಸ ಬಂದ್.

ಎಚ್‌ಆರ್‌ನವರನ್ನು ಬೈದು ಪ್ರಯೋಜನವಿಲ್ಲ. ಅನುಮತಿ ಇಲ್ಲದವರನ್ನು ಕೆಲಸಕ್ಕಿಟ್ಟರೆ 50,000 ಡಾಲರ್‌ವರೆಗೆ ದಂಡ, ಎರಡು ವರ್ಷದವರೆಗೆ ಜೈಲು. ಸರಿಯಾಗಿ ವಿಚಾರಿಸದಿದ್ದರೆ ಗೊತ್ತಿದ್ದೇ ಇಟ್ಟುಕೊಂಡಂತೆ. ಇಷ್ಟು ಹೆದರಿಸಿ, ವಿಚಾರಿಸುವುದಕ್ಕೆ ಒಂದು ಕಿಟಕಿಯನ್ನೂ ತೆರೆದಿಡದಿದ್ದರೆ ಯಾರು ತಾನೇ ರಿಸ್ಕ್ ತೆಗೆದುಕೊಳ್ಳುತ್ತಾರೆ? ಜೊತೆಗೆ ತಾತ್ಕಾಲಿಕ ನಿವಾಸಿಗಳಿಗೆ ಕೊಡುವ, 9ರಿಂದ ಶುರುವಾಗುವ ಸಿನ್ ನಂಬರು (ಸಾಮಾಜಿಕ ವಿಮಾ ಸಂಖ್ಯೆ). ಅದರ ಅವಧಿಯೂ ಪರ್ಮಿಟ್ಟಿನ ತಾರೀಖಿಗೇ ಮುಗಿಯುತ್ತದೆ.

ಆನ್‌ಲೈನ್ ಅರ್ಜಿದಾರರಿಗೆ ಉದ್ಯೋಗದಾತರಿಗೆ ತೋರಿಸಲೆಂದೇ ಒಂದು ಪತ್ರ ಕೊಡುತ್ತೀರಿ, ನಿಜ. ಅದರಲ್ಲೂ ಒಂದು ಕೊನೆಯ ತಾರೀಖು! ಅದು ದಾಟಿದರೂ ಅರ್ಜಿ ಇತ್ಯರ್ಥವಾಗದಿದ್ದರೆ ಹಕ್ಕು ಹಾಗೇ ಇರುತ್ತದೆ. ಪತ್ರ ಮಾತ್ರ ರದ್ದಿ. ಮತ್ತೆ ಪಾಠ ಮೊದಲಿನಿಂದ.

ವಿಂಡ್ಸರ್‌ನ ಕಂಪನಿಯೊಂದು ಹೀಗೆ ತೀರ್ಮಾನಕ್ಕೆ ಕಾಯುತ್ತಿರುವ ತನ್ನ ಕೆಲಸಗಾರನನ್ನು ಅರ್ಧ ದಿನದ ಮೀಟಿಂಗಿಗೆ ನದಿಯಾಚೆ ಅಮೆರಿಕದ ಡೆಟ್ರಾಯಿಟ್‌ಗೆ ಕಳಿಸಿತು ಅಂತಿಟ್ಟುಕೊಳ್ಳಿ. ಗಡಿ ದಾಟಿದ ಕೂಡಲೇ 186(ಯು) ಕೈಬಿಡುತ್ತದೆ. ಸಂಜೆ ವಾಪಸು ಬರಬಹುದು, ಆದರೆ ಹೊಸ ಪರ್ಮಿಟ್ ಬರುವವರೆಗೆ ಮರುದಿನದ ಶಿಫ್ಟ್‌ಗೆ ಹೋಗುವಂತಿಲ್ಲ. ಬಾಸ್‌ಗೆ ಇದನ್ನು ವಿವರಿಸಿ ನೋಡಿ. ‘ಸಬೂಬು ಹೇಳ್ತಿದ್ದಾನೆ’ ಅಂತಲೇ ಅಂದುಕೊಳ್ಳುತ್ತಾರೆ. ಆ ನಾಲ್ಕು ಕಾಗದದಲ್ಲಿ ಎಲ್ಲೂ ಈ ಮಾತು ದೊಡ್ಡಕ್ಷರದಲ್ಲಿ ಇಲ್ಲವಲ್ಲ.

ಬ್ರಿಟನ್ನಿನಲ್ಲಿ ಅರ್ಜಿ ಬಾಕಿ ಇರುವವರ ಬಗ್ಗೆ ಉದ್ಯೋಗದಾತರು ಗೃಹ ಇಲಾಖೆಯನ್ನೇ ಆನ್‌ಲೈನಿನಲ್ಲಿ ಕೇಳಬಹುದು. ‘ಹೌದು’ ಅಂತ ಉತ್ತರ ಬಂದರೆ ಆರು ತಿಂಗಳು ಅವರಿಗೆ ಕಾನೂನಿನ ರಕ್ಷಣೆ. ಇದೇನು ರಾಕೆಟ್ ವಿಜ್ಞಾನವಲ್ಲ, ಸ್ವಾಮಿ.

ನಾವು ಕೇಳುತ್ತಿರುವುದು ಒಂದೇ ಪುಟ. ಹೆಸರು, ಅರ್ಜಿ ಸಂಖ್ಯೆ, ಹಳೆಯ ಪರ್ಮಿಟ್ ಓಪನ್ನೋ (ಯಾರ ಬಳಿಯಾದರೂ ಕೆಲಸ ಮಾಡಬಹುದಾದದ್ದೋ) ಒಬ್ಬ ಉದ್ಯೋಗದಾತರಿಗೆ ಸೀಮಿತವೋ, ‘ಇಂದಿಗೆ ಕೆಲಸ ಮಾಡಬಹುದು: ಹೌದು/ಇಲ್ಲ’, ಕೆಳಗೆ ಎಚ್‌ಆರ್ ಸ್ಕ್ಯಾನ್ ಮಾಡಲು ಒಂದು ಕೋಡ್. ತಾರೀಖು ಬೇಡ, ತೀರ್ಮಾನವಾದ ದಿನ ‘ಹೌದು’ ತಾನಾಗಿ ಬದಲಾಗಲಿ. ಕಾನೂನು ತಿದ್ದಬೇಕಿಲ್ಲ, ಕೋಟಾ ಹೆಚ್ಚಿಸಬೇಕಿಲ್ಲ, ಪಿಆರ್ ನಾಳೆಯೇ ಕೊಡಿ ಅಂತಲೂ ಕೇಳುತ್ತಿಲ್ಲ. ಆ ಒಂದು ಪುಟ ಕೊಡಿ.

ಇತಿ,
9ರ ಸಿನ್ ನಂಬರಿನವರು