ಮಾರ್ಚ್‌ಗೆ ಮುಂಚೆ ಮುಗಿಸಬೇಕಾದ ಕೆಲವು ಕೆಲಸ

ನ್ಯೂಜೆರ್ಸಿ
18 ಜನವರಿ 2026

ಪ್ರೀತಿಯ ಪುಟ್ಟಿ,

ಹುಟ್ಟುವ ಮಗುವಿಗೆ ಈ ಲಸಿಕೆಗಳೆಲ್ಲ ಬೇಕಾ ಅಂತ ಮೊನ್ನೆ ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅಲ್ಲೇ ಎರಡು ಮಾತಿನಲ್ಲಿ ಉತ್ತರ ಹೇಳಬಹುದಿತ್ತು. ಹೇಳಿದ್ದರೆ ಅದು ಅತ್ತೆಯ ಹಟ ಅಂತ ನಿನ್ನ ಗಂಡನಿಗೆ ಅನಿಸುತ್ತಿತ್ತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಬ್ಬರೂ ಓದಿ. ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ಬಹಳ ವರ್ಷ ಕಳೆದವಳು ನಾನು, ಡಾಕ್ಟರ್ ಅಲ್ಲ. ಕೊನೆಯ ಮಾತು ನಿನ್ನ ಡಾಕ್ಟರದ್ದೇ. ಆದರೆ ಅವರ ಹತ್ತಿರ ಏನು ಕೇಳಬೇಕು, ಮುಖ್ಯವಾಗಿ ಯಾವಾಗ ಕೇಳಬೇಕು ಅನ್ನುವುದು ನನಗೆ ಚೆನ್ನಾಗಿ ಗೊತ್ತು.

"ಸರ್ಕಾರವೇ ಬೇಡ ಅಂದಿದೆಯಲ್ಲ ಅತ್ತೆ" ಅಂದ ನಿನ್ನ ಗಂಡ. ಸರ್ಕಾರ ಬೇಡ ಅಂದಿಲ್ಲ. ಕೆಲವು ಲಸಿಕೆಗಳನ್ನು "ಎಲ್ಲ ಮಕ್ಕಳಿಗೂ" ಅನ್ನುವ ಸಾಲಿನಿಂದ ತೆಗೆದು "ಡಾಕ್ಟರ್ ಜೊತೆ ಮಾತಾಡಿ ತೀರ್ಮಾನಿಸಿ" ಅನ್ನುವ ಸಾಲಿಗೆ ಹಾಕಿದೆ. ಹಾಗೆ ಹಾಕಿದ ರೀತಿ ಹೇಗಿತ್ತು ಅಂತ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ನನ್ನ ಬೇಸರ ಇರುವುದು ಅಲ್ಲೇ.

ಕಳೆದ ವರ್ಷ ಮೇ 27ರಂದು ಆರೋಗ್ಯ ಮಂತ್ರಿ ರಾಬರ್ಟ್ ಕೆನೆಡಿ ಜೂನಿಯರ್ ಒಂದು ಸಣ್ಣ ವಿಡಿಯೋದಲ್ಲಿ, ಆರೋಗ್ಯವಂತ ಮಕ್ಕಳಿಗೂ ಗರ್ಭಿಣಿಯರಿಗೂ ಕೋವಿಡ್ ಲಸಿಕೆಯ ಶಿಫಾರಸು ಇನ್ನಿಲ್ಲ ಅಂದರು. ಜೂನ್‌ನಲ್ಲಿ ಎಸಿಐಪಿಯ 17 ಸದಸ್ಯರನ್ನೂ ಒಟ್ಟಿಗೇ ಮನೆಗೆ ಕಳಿಸಿದರು. 1964ರಿಂದ ಇಲ್ಲಿನ ಸರ್ಕಾರದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಗೆ ಲಸಿಕೆಯ ಬಗ್ಗೆ ಸಲಹೆ ಕೊಡುತ್ತಾ ಬಂದ ಸಮಿತಿ ಅದು. ಅವರೇ ನೇಮಿಸಿದ ಹೊಸ ಸಮಿತಿ ಡಿಸೆಂಬರ್ 5ರಂದು, ಹುಟ್ಟಿದ ಕೂಡಲೇ ಎಲ್ಲ ಮಕ್ಕಳಿಗೂ ಕೊಡುತ್ತಿದ್ದ ಹೆಪಟೈಟಿಸ್ ಬಿ (ಲಿವರ್‌ಗೆ ತಗಲುವ ಸೋಂಕು) ಲಸಿಕೆಯ ಶಿಫಾರಸನ್ನು ಸಡಿಲ ಮಾಡಿತು. ಈ ಜನವರಿ 5ರಂದು ಬಂದ ದೊಡ್ಡ ಬದಲಾವಣೆಗಂತೂ ಆ ಸಮಿತಿಯ ಮತವೂ ಬೇಕಾಗಲಿಲ್ಲ. ಎಲ್ಲ ಮಕ್ಕಳಿಗೂ ಬೇಕು ಅನ್ನುವ ಪಟ್ಟಿ 17 ಕಾಯಿಲೆಗಳಿಂದ 11ಕ್ಕೆ ಇಳಿಯಿತು. ಮಕ್ಕಳಿಗೆ ಭೇದಿ ತರುವ ರೋಟಾವೈರಸ್, ಫ್ಲೂ, ಹೆಪಟೈಟಿಸ್ ಎ ಮತ್ತು ಬಿ ಎಲ್ಲ ಆ ಸಾಲಿನಿಂದ ಆಚೆ ಹೋದವು. ಈ ಲಸಿಕೆಗಳಲ್ಲಿ ಹೊಸದಾಗಿ ಯಾವ ಅಪಾಯವೂ ಕಂಡುಬಂದಿರಲಿಲ್ಲ. ಬೇರೆ ದೇಶಗಳ ಪಟ್ಟಿ ಚಿಕ್ಕದು, ಮುಖ್ಯವಾಗಿ ಡೆನ್ಮಾರ್ಕಿನದು, ಅನ್ನುವುದೇ ಅವರ ವಾದ.

ನಿಜವಾದ ಅಪಾಯ ಕಂಡಾಗ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. 1998ರಲ್ಲಿ ರೋಟಾಶೀಲ್ಡ್ ಅನ್ನುವ ರೋಟಾವೈರಸ್ ಲಸಿಕೆ ಬಂತು. ಕೆಲವು ಮಕ್ಕಳಲ್ಲಿ ಕರುಳು ಒಂದರೊಳಗೊಂದು ಸಿಕ್ಕಿಕೊಳ್ಳುವ ತೊಂದರೆ ಜಾಸ್ತಿಯಾಗಿದೆ ಅಂತ ಲೆಕ್ಕದಲ್ಲಿ ಗೊತ್ತಾಯಿತು. ಮರುವರ್ಷವೇ ಇದೇ ಎಸಿಐಪಿ ತನ್ನ ಶಿಫಾರಸು ವಾಪಸ್ ತೆಗೆದುಕೊಂಡಿತು, ಲಸಿಕೆ ಮಾರುಕಟ್ಟೆಯಿಂದ ಹೋಯಿತು. ಮುಚ್ಚಿಡಲಿಲ್ಲ. ಅಂಕಿ ಅಂಶ ಮುಂದಿಟ್ಟು, ಕಾರಣ ಹೇಳಿ ನಿಲ್ಲಿಸಿದರು. ಈ ಸಲ ಆ ಕಾರಣ ಎಲ್ಲಿದೆ ಅಂತ ನಾನು ಹುಡುಕುತ್ತಲೇ ಇದ್ದೇನೆ.

ಇನ್ನು ಡೆನ್ಮಾರ್ಕ್ ವಿಷಯ. ಅರವತ್ತು ಲಕ್ಷ ಜನರ ದೇಶ ಅದು. ಗರ್ಭಿಣಿಯಿಂದ ಹಿಡಿದು ಮಗುವಿನ ತನಕ ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ, ಎಲ್ಲರ ದಾಖಲೆಯೂ ಒಂದೇ ಕಡೆ. ಮಗುವಿನ ಮೊದಲ ವರ್ಷದ ಬಹುಪಾಲು ಅಪ್ಪನೋ ಅಮ್ಮನೋ ಸಂಬಳದ ರಜೆಯಲ್ಲಿ ಮನೆಯಲ್ಲಿರುತ್ತಾರೆ. ನೀನು? ಹನ್ನೆರಡು ವಾರಕ್ಕೆ ಡಾಲಸ್‌ನ ಆಫೀಸಿಗೆ ವಾಪಸ್, ಮಗು ಡೇಕೇರ್‌ಗೆ. ಅವರ ಪಟ್ಟಿ ತರುವವರು ಅವರ ರಜೆಯನ್ನೂ ತಂದಿದ್ದರೆ ನಾನು ಸ್ವಲ್ಪ ಯೋಚಿಸುತ್ತಿದ್ದೆ. ತಮಾಷೆಯೆಂದರೆ, ದಡಾರದ ಎಂಎಂಆರ್ ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲ ಅಂತ ಆರೂವರೆ ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ನೋಡಿ 2019ರಲ್ಲಿ ತೋರಿಸಿಕೊಟ್ಟವರೂ ಡೆನ್ಮಾರ್ಕಿನವರೇ. ಆ ಮಾತು ಮಾತ್ರ ಇಲ್ಲಿ ಯಾರಿಗೂ ಬೇಕಾಗಿಲ್ಲ.

ರಾಜಕೀಯ ಸಾಕು. ನಿನಗೀಗ 33 ವಾರ. ಒಂದೊಂದಾಗಿ ಬರುತ್ತೇನೆ.

ಮೊದಲು ಹೆಪಟೈಟಿಸ್ ಬಿ, ಯಾಕೆಂದರೆ ಅದನ್ನು ಹೆರಿಗೆಯ ದಿನ ಕೇಳುತ್ತಾರೆ. ನೋವಿನಲ್ಲಿ, ನಿದ್ದೆಗೆಟ್ಟು, ಕೈಯಲ್ಲಿ ಮಗು ಹಿಡಿದು ತೀರ್ಮಾನ ಮಾಡುವ ವಿಷಯ ಅಲ್ಲ ಅದು. ಇವತ್ತೇ ನಿನ್ನ ಡಾಕ್ಟರ ಆಫೀಸಿನ ಆ್ಯಪ್ ತೆಗೆದು, ಮೊದಲ ತಿಂಗಳುಗಳ ರಕ್ತಪರೀಕ್ಷೆಯ ರಿಪೋರ್ಟ್ ನೋಡು. ಅದರಲ್ಲಿ ಎಚ್‌ಬಿಎಸ್‌ಎಜಿ ಅಂತ ಒಂದು ಸಾಲು ಇರುತ್ತದೆ. ಅದರ ಎದುರು ನೆಗೆಟಿವ್ ಅಥವಾ ನಾನ್ ರಿಯಾಕ್ಟಿವ್ ಅಂತ ಇರಬೇಕು. ಆ ಸಾಲೇ ಕಾಣಿಸದಿದ್ದರೆ ನಾಳೆಯೇ ಫೋನ್ ಮಾಡಿ ಕೇಳು. ಪಾಸಿಟಿವ್ ಇದ್ದರೆ ಚರ್ಚೆಯೇ ಇಲ್ಲ. ಹುಟ್ಟಿದ ಹನ್ನೆರಡು ಗಂಟೆಯೊಳಗೆ ಮಗುವಿಗೆ ಲಸಿಕೆ, ಜೊತೆಗೆ ಇಮ್ಯುನೋಗ್ಲೋಬ್ಯುಲಿನ್ ಅನ್ನುವ ಸಿದ್ಧ ಆ್ಯಂಟಿಬಾಡಿ ಇಂಜೆಕ್ಷನ್, ಎರಡೂ ಬೇಕು. ಅದನ್ನು ಹೊಸ ಸಮಿತಿಯೂ ಬದಲಾಯಿಸಿಲ್ಲ.

ನಿನ್ನದು ನೆಗೆಟಿವ್ ಅಂತಲೇ ಇಟ್ಟುಕೊಳ್ಳೋಣ. ಹಾಗಿದ್ದರೆ ಮಗುವಿಗೆ ಎಲ್ಲಿಂದ ಬರುತ್ತದೆ ಅಂತ ನಿನ್ನ ಗಂಡ ಕೇಳಿದ. ಒಳ್ಳೆಯ ಪ್ರಶ್ನೆ. 1991ರಲ್ಲಿ ಎಲ್ಲ ಶಿಶುಗಳಿಗೂ ಲಸಿಕೆ ಅಂತ ಮಾಡುವ ಮೊದಲು, ಈ ದೇಶದಲ್ಲಿ ವರ್ಷಕ್ಕೆ ಸುಮಾರು 18 ಸಾವಿರ ಮಕ್ಕಳಿಗೆ ಹತ್ತು ವರ್ಷ ತುಂಬುವುದರೊಳಗೆ ಈ ಸೋಂಕು ತಗಲುತ್ತಿತ್ತು. ಅದರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಅದು ಅಮ್ಮನಿಂದ ಬಂದದ್ದಲ್ಲ. ಮನೆಯವರಿಂದ, ನೋಡಿಕೊಳ್ಳುವವರಿಂದ ಬಂದದ್ದು. ಮೇಜಿನ ಮೇಲೆ, ಉಗುರು ಕತ್ತರಿಯ ಮೇಲೆ ಒಣಗಿದ ರಕ್ತದ ಕಲೆಯಲ್ಲೂ ಈ ವೈರಸ್ ಒಂದು ವಾರ ಬದುಕಿರುತ್ತದೆ. ಈ ದೇಶದಲ್ಲಿ ಹೆಪಟೈಟಿಸ್ ಬಿ ಹೊತ್ತು ಬದುಕುತ್ತಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಏಷ್ಯಾ ಮೂಲದವರು. ಬಹಳ ಜನಕ್ಕೆ ತಮಗಿದೆ ಅಂತಲೇ ಗೊತ್ತಿಲ್ಲ, ಯಾಕೆಂದರೆ ಹತ್ತಾರು ವರ್ಷ ಏನೂ ತೋರಿಸಿಕೊಳ್ಳುವುದಿಲ್ಲ ಅದು.

ಈಗ ಯೋಚನೆ ಮಾಡು. ಬಾಣಂತನಕ್ಕೆ ನಿನ್ನ ಮನೆಗೆ ಯಾರು ಬರುತ್ತಿದ್ದಾರೆ? ನಿನ್ನ ಅಪ್ಪ, ಅಮ್ಮ. ಅವರು ಹೋದ ಮೇಲೆ ನಿನ್ನ ಗಂಡನ ಅಪ್ಪ, ಅಮ್ಮ. ನಾಲ್ವರೂ ಆರು ತಿಂಗಳು ಮಗುವನ್ನು ಎತ್ತಿ ಆಡಿಸುವವರು. ಯಾರಿಗಾದರೂ ಈ ಟೆಸ್ಟ್ ಆಗಿದೆಯಾ? ನಾನು ಅವರ ಮೇಲೆ ಅನುಮಾನ ಪಡುತ್ತಿಲ್ಲ ಮಾರಾಯ್ತಿ. ದೊಡ್ಡವರಿಗೆ ಈ ಸೋಂಕು ತಗಲಿದರೆ ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಹಸುಗೂಸಿಗೆ ತಗಲಿದರೆ ಹತ್ತರಲ್ಲಿ ಒಂಬತ್ತು ಮಕ್ಕಳಿಗೆ ಜೀವಮಾನವಿಡೀ ಉಳಿದುಬಿಡುತ್ತದೆ. ಹಾಗೆ ಉಳಿದವರಲ್ಲಿ ನಾಲ್ಕರಲ್ಲೊಬ್ಬರು ಮುಂದೆ ಲಿವರ್ ಹಾಳಾಗಿಯೋ ಲಿವರ್ ಕ್ಯಾನ್ಸರ್ ಬಂದೋ ಸಾಯುತ್ತಾರೆ. "ಎರಡು ತಿಂಗಳು ಕಾಯೋಣ, ಮಗು ಸ್ವಲ್ಪ ಗಟ್ಟಿಯಾಗಲಿ" ಅನ್ನುವವರು ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವವರು. ಅಮೆರಿಕದ ಮಕ್ಕಳ ಡಾಕ್ಟರುಗಳ ಸಂಘ ಎಎಪಿ ಈಗಲೂ ಮೊದಲ 24 ಗಂಟೆಯೊಳಗೆ ಕೊಡಿ ಅಂತಲೇ ಹೇಳುತ್ತಿದೆ. ನನ್ನ ಅಭಿಪ್ರಾಯವೂ ಅದೇ. ಬೇಕು ಅಂತ ಈಗಲೇ ಬರೆಸಿಡು. ಅಡ್ಮಿಟ್ ಆಗುವಾಗ ನಿನ್ನ ಗಂಡ ಇನ್ನೊಮ್ಮೆ ನರ್ಸ್‌ಗೆ ಹೇಳಲಿ. ನಿಯಮ ಬದಲಾದ ಮೇಲೆ ವಾರ್ಡುಗಳಲ್ಲಿ ಒಬ್ಬೊಬ್ಬರು ಒಂದೊಂದು ರೀತಿ ಮಾಡುವ ಕಾಲ ಇದು. ಕೇಳದೆ ಸುಮ್ನೆ ಕೂತರೆ ಸಿಗುತ್ತದೆ ಅಂತ ನಂಬಬೇಡ.

ಎರಡನೆಯದು, ನೀನು ತೆಗೆದುಕೊಳ್ಳಬೇಕಾದವು. ನಾಯಿಕೆಮ್ಮಿನ ವಿರುದ್ಧದ ಟಿಡ್ಯಾಪ್ 27ರಿಂದ 36 ವಾರದೊಳಗೆ. ಅದರಲ್ಲಿ ಸರ್ಕಾರ ಏನೂ ಬದಲಾಯಿಸಿಲ್ಲ. ನೀನು ಇನ್ನೂ ತೆಗೆದುಕೊಂಡಿಲ್ಲ ಅಂದೆ, ಯಾಕೆ ಅಂತ ನನಗೆ ಅರ್ಥವಾಗಲಿಲ್ಲ. ನಾಯಿಕೆಮ್ಮು ಅಂದರೆ ದೊಡ್ಡ ಸದ್ದಿನ ಕೆಮ್ಮು ಅಂದುಕೊಂಡಿದ್ದೀಯಾ? ಒಂದು ತಿಂಗಳ ಮಗು ಹಾಗೆ ಕೆಮ್ಮುವುದೇ ಇಲ್ಲ. ಅದಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ಹಾಲು ಕುಡಿಯುತ್ತಾ ಇದ್ದದ್ದು ತಟ್ಟನೆ ನಿಲ್ಲಿಸುತ್ತದೆ, ಮುಖ ಕೆಂಪಾಗುತ್ತದೆ, ಆಮೇಲೆ ತುಟಿಯ ಸುತ್ತ ನೀಲಿ. ಉಸಿರು ಇಲ್ಲ. ಬೆನ್ನು ಉಜ್ಜಿ, ಅಂಗಾಲು ತಟ್ಟಿ, ಆಕ್ಸಿಜನ್ ಹಿಡಿದು ನಿಂತಾಗ ಆ ಕೆಲವು ಸೆಕೆಂಡು ಕಳೆಯುವುದೇ ಇಲ್ಲ. ಪಕ್ಕದಲ್ಲಿ ನಿಂತ ಅಮ್ಮಂದಿರ ಮುಖ ನನಗೆ ಇನ್ನೂ ನೆನಪಿದೆ. ಮಗುವಿನ ಸ್ವಂತ ಲಸಿಕೆ ಶುರುವಾಗುವುದು ಎರಡು ತಿಂಗಳಿಗೆ. ಅಲ್ಲಿಯವರೆಗೆ ಅದಕ್ಕಿರುವುದು ನಿನ್ನ ಹೊಕ್ಕುಳಬಳ್ಳಿಯ ಮೂಲಕ ಹೋದ ಪ್ರತಿಕಾಯಗಳು (ಆ್ಯಂಟಿಬಾಡಿ) ಮಾತ್ರ. ಬಸುರಿನಲ್ಲಿ ಟಿಡ್ಯಾಪ್ ತೆಗೆದುಕೊಂಡರೆ, ಎರಡು ತಿಂಗಳೊಳಗಿನ ಮಕ್ಕಳಲ್ಲಿ ಬರುವ ನಾಯಿಕೆಮ್ಮು ಹತ್ತರಲ್ಲಿ ಎಂಟರಷ್ಟು ತಪ್ಪುತ್ತದೆ. 2024ರಲ್ಲಿ ಈ ದೇಶದಲ್ಲಿ 35 ಸಾವಿರಕ್ಕೂ ಹೆಚ್ಚು ಜನಕ್ಕೆ ನಾಯಿಕೆಮ್ಮು ಬಂದಿತ್ತು. ಪ್ರತಿಕಾಯ ತಯಾರಾಗಿ ಮಗುವಿಗೆ ಹೋಗಲು ಎರಡು ವಾರ ಬೇಕು. ಈ ವಾರವೇ ಹೋಗು.

ಹಸುಗೂಸುಗಳ ಶ್ವಾಸಕೋಶಕ್ಕೆ ತಗಲುವ ಆರ್‌ಎಸ್‌ವಿ ವೈರಸ್ಸಿನ ಲಸಿಕೆ 32ರಿಂದ 36 ವಾರದ ನಡುವೆ, ಅದೂ ಸೆಪ್ಟೆಂಬರ್‌ನಿಂದ ಜನವರಿ ಒಳಗೆ ಮಾತ್ರ. ನಿನಗೆ ಇನ್ನು ಎರಡು ವಾರವೂ ಉಳಿದಿಲ್ಲ. ತಪ್ಪಿದರೆ ಗಾಬರಿ ಬೇಡ. ಮಾರ್ಚ್‌ನಲ್ಲಿ ಹುಟ್ಟಿದ ಮಗುವಿಗೇ ನೇರವಾಗಿ ಆ್ಯಂಟಿಬಾಡಿ ಇಂಜೆಕ್ಷನ್ ಕೊಡಬಹುದು. ಆದರೆ ಎರಡರಲ್ಲಿ ಒಂದು ಆಗಲೇಬೇಕು. ಫ್ಲೂ ಲಸಿಕೆ ಅಕ್ಟೋಬರ್‌ನಲ್ಲೇ ಆಯಿತು ಅಂದೆಯಲ್ಲ, ಅದು ಸರಿ.

ಕೋವಿಡ್. ಇಲ್ಲಿ ನಾನು ನಿನ್ನ ಗಂಡನ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಆರೋಗ್ಯವಂತ ದೊಡ್ಡ ಮಕ್ಕಳಿಗೆ ಈ ಲಸಿಕೆ ಪ್ರತಿ ವರ್ಷ ಬೇಕಾ ಅನ್ನುವುದು ನಿಜವಾಗಿಯೂ ಚರ್ಚೆಯ ವಿಷಯ. ಎಷ್ಟೋ ದೇಶಗಳು ಕೊಡುವುದಿಲ್ಲ. ಗರ್ಭಿಣಿಯರ ಮಾತು ಬೇರೆ. ಆರು ತಿಂಗಳೊಳಗಿನ ಮಗುವಿಗೆ ಕೋವಿಡ್ ಲಸಿಕೆಯೇ ಇಲ್ಲ. ಆ ವಯಸ್ಸಿನ ಮಕ್ಕಳು ಕೋವಿಡ್‌ನಿಂದ ಆಸ್ಪತ್ರೆ ಸೇರುವುದು ಮಾತ್ರ ಅರವತ್ತೈದರಿಂದ ಎಪ್ಪತ್ತನಾಲ್ಕು ವರ್ಷದ ಮುದುಕರಷ್ಟೇ ಇತ್ತು. ಪ್ರಸೂತಿ ಡಾಕ್ಟರುಗಳ ಸಂಘ ಎಸಿಒಜಿ ಕಳೆದ ಆಗಸ್ಟ್‌ನಲ್ಲಿ, ಬಸುರಿಯರಿಗೆ ಇದು ಬೇಕು ಅಂತ ಮತ್ತೆ ಗಟ್ಟಿಯಾಗಿ ಹೇಳಿತು. ನಿನ್ನ ಡಾಕ್ಟರ್ ಯಾವ ಪಟ್ಟಿ ನೋಡಿ ಸಲಹೆ ಕೊಡುತ್ತಾರೆ ಅಂತ ನೇರವಾಗಿ ಕೇಳು. ಬೇಸರ ಮಾಡಿಕೊಳ್ಳುವುದಿಲ್ಲ ಅವರು. ಈಗ ಎಲ್ಲರೂ ಕೇಳುತ್ತಿರುವುದು ಅದನ್ನೇ.

ಮಗು ಬಂದ ಮೇಲಿನದ್ದರಲ್ಲಿ ರೋಟಾವೈರಸ್ ಒಂದನ್ನು ತಲೆಯಲ್ಲಿಟ್ಟುಕೋ. ಇದು ಚುಚ್ಚುವ ಲಸಿಕೆಯೂ ಅಲ್ಲ, ಬಾಯಿಗೆ ಹಾಕುವ ಹನಿ. "ತೀರ್ಮಾನ ನಿಮ್ಮದು" ಅಂದಾಗ ಜನ "ಆಮೇಲೆ ನೋಡೋಣ" ಅನ್ನುತ್ತಾರೆ. ಇದರಲ್ಲಿ ಆಮೇಲೆ ಅನ್ನುವುದು ಇಲ್ಲ. ಮೊದಲ ಡೋಸ್ ಮಗುವಿಗೆ 15 ವಾರ ತುಂಬುವ ಮೊದಲೇ ಆಗಬೇಕು. ಆ ದಿನ ದಾಟಿದರೆ ಹಾಕುವುದೇ ಇಲ್ಲ. ನಿನ್ನ ಲೆಕ್ಕದಲ್ಲಿ ಅದು ಜೂನ್ ಮೂರನೇ ವಾರ, ಮಗು ಡೇಕೇರ್‌ಗೆ ಸೇರುವ ಹೊತ್ತಿಗೇ. 2006ರಲ್ಲಿ ಈಗಿನ ಲಸಿಕೆ ಬರುವ ಮೊದಲು ಪ್ರತಿ ವರ್ಷ 55 ಸಾವಿರಕ್ಕೂ ಹೆಚ್ಚು ಪುಟ್ಟ ಮಕ್ಕಳು ಇದೊಂದೇ ಭೇದಿಯಿಂದ ಇಲ್ಲಿನ ಆಸ್ಪತ್ರೆಗಳಿಗೆ ಸೇರುತ್ತಿದ್ದರು. ಚಳಿಗಾಲ ಬಂದರೆ ಮಕ್ಕಳ ವಾರ್ಡಿನಲ್ಲಿ ಮಂಚ ಸಿಗುತ್ತಿರಲಿಲ್ಲ. ಈಗಿನ ಹೊಸ ನರ್ಸ್‌ಗಳಿಗೆ ಆ ದಿನಗಳೇ ಗೊತ್ತಿಲ್ಲ.

ಆರು ತಿಂಗಳಾದ ಮೇಲೆ ಮಗುವಿಗೂ ಫ್ಲೂ ಲಸಿಕೆ ಹಾಕಿಸು. 2024-25ರ ಸೀಸನ್ ಒಂದರಲ್ಲೇ ಈ ದೇಶದಲ್ಲಿ ಕನಿಷ್ಠ 280 ಮಕ್ಕಳು ಫ್ಲೂನಿಂದ ಸತ್ತರು. ಅವರಲ್ಲಿ ಹೆಚ್ಚಿನವರಿಗೆ ಲಸಿಕೆ ಪೂರ್ತಿ ಆಗಿರಲಿಲ್ಲ.

ದಡಾರದ ಎಂಎಂಆರ್ ಲಸಿಕೆ ಇನ್ನೂ ಎಲ್ಲರ ಪಟ್ಟಿಯಲ್ಲೇ ಇದೆ, ಒಂದು ವರ್ಷಕ್ಕೆ ಮೊದಲ ಡೋಸ್. ನಿಮ್ಮ ಟೆಕ್ಸಸ್‌ನಲ್ಲಿ ಕಳೆದ ವರ್ಷ ಗೇನ್ಸ್ ಕೌಂಟಿಯಿಂದ ಶುರುವಾದ ದಡಾರ 762 ಜನಕ್ಕೆ ಹರಡಿತು, ಲಸಿಕೆಯಾಗದ ಎರಡು ಮಕ್ಕಳು ಸತ್ತವು. ದೀಪಾವಳಿಗೆ ಮಗುವನ್ನು ಊರಿಗೆ ಕರೆದುಕೊಂಡು ಹೋಗುವ ಯೋಚನೆ ಇದೆಯಲ್ಲ? ಆಗ ಅದಕ್ಕೆ ಎಂಟು ತಿಂಗಳು. ಹೊರದೇಶಕ್ಕೆ ಹೋಗುವ 6ರಿಂದ 11 ತಿಂಗಳ ಮಗುವಿಗೆ ಎಂಎಂಆರ್ ಒಂದು ಡೋಸ್ ಮುಂಚೆಯೇ ಹಾಕುತ್ತಾರೆ. ಅದು ಲೆಕ್ಕಕ್ಕೆ ಬರುವುದಿಲ್ಲ, ವರ್ಷವಾದ ಮೇಲೆ ಎರಡು ಡೋಸ್ ಮತ್ತೆ ಬೇಕು. ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರಿಗೆ ಹೇಳು.

ದುಡ್ಡಿನ ಚಿಂತೆ ಬೇಡ. ಕಳೆದ ಸೆಪ್ಟೆಂಬರ್ 1ರ ಹೊತ್ತಿಗೆ ಪಟ್ಟಿಯಲ್ಲಿದ್ದ ಲಸಿಕೆಗಳನ್ನೆಲ್ಲ 2026ರ ಕೊನೆಯವರೆಗೆ ಕೈಯಿಂದ ಕಾಸು ಕೇಳದೆ ಕೊಡುತ್ತೇವೆ ಅಂತ ಇನ್ಶೂರೆನ್ಸ್ ಕಂಪನಿಗಳ ಸಂಘ ಒಪ್ಪಿಕೊಂಡಿದೆ. ಆದರೂ ನಿನ್ನ ಪಾಲಿಸಿಗೆ ಒಮ್ಮೆ ಫೋನ್ ಮಾಡಿ ವಿಚಾರಿಸು.

ಕೊನೆಗೆ ನಿನ್ನ ಅಪ್ಪನ ವಿಷಯ. ಅವನೂ ನಿನ್ನ ಅಮ್ಮನೂ ವಿಮಾನ ಹತ್ತುವ ಎರಡು ವಾರ ಮೊದಲೇ ಟಿಡ್ಯಾಪ್ ಹಾಕಿಸಿಕೊಳ್ಳಬೇಕು, ಹೆಪಟೈಟಿಸ್ ಬಿ ರಕ್ತಪರೀಕ್ಷೆಯನ್ನೂ ಮಾಡಿಸಿಕೊಂಡು ಬರಬೇಕು. ನೀನು ಹೇಳಿದರೆ "ನಮಗೇನಾಗಿದೆ, ಗಟ್ಟಿಮುಟ್ಟಾಗಿದ್ದೇವೆ" ಅನ್ನುತ್ತಾನೆ. ಆ ಫೋನ್ ನಾನೇ ಮಾಡುತ್ತೇನೆ, ಚಿಕ್ಕಂದಿನಿಂದ ಅವನಿಗೆ ಔಷಧಿ ಕುಡಿಸಿದವಳು ನಾನೇ ಅಲ್ವಾ. ನಿನ್ನ ಅತ್ತೆ, ಮಾವನಿಗೆ ಹೇಳುವ ಕೆಲಸ ಮಾತ್ರ ನಿನ್ನ ಗಂಡನದ್ದು. ಅವರ ಟಿಕೆಟ್ ಯಾವ ತಾರೀಖಿಗೆ ಅಂತ ನನಗೆ ಬರೆದು ಕಳಿಸು.

ನಿನ್ನ
ಅತ್ತೆ